ನಾಡನ್ನು ಬಿಟ್ಟುಕೊಟ್ಟ ದೇವರ ಪಟ್ಟಣ

ಜಪಾನು ದೇಶದ ಪಶ್ಚಿಮಭಾಗದಲ್ಲಿ, ಕೊರಿಯಾ ದೇಶಕ್ಕೆ ಅಭಿಮುಖವಾಗಿರುವ ಕಡಲ ತೀರದಲ್ಲಿ, ಶಿಮಾನೆ ಎಂಬ ಪ್ರಾಂತವಿರುವುದು. ಇದರ ಪೂರ್ವಭಾಗಕ್ಕೆ ಪ್ರಾಚೀನಕಾಲದಿಂದಲೂ ಇಜುಮೊ ಎಂದು ಹೆಸರು. ಈ ಇಜುಮೊ ಸೀಮೆಯಲ್ಲಿ ತೈಷಾ ಎಂಬ ಪಟ್ಟಣವೊಂದು 1925ನೆಯ ಇಸವಿ ಮೊದಲುಗೊಂಡು 2005ನೆಯ ಇಸವಿಯವರೆಗೆ, ಎಂಬತ್ತು ವರ್ಷಗಳ ಕಾಲ, ತನ್ನದೇ ಆದ ಪುರಸಭೆಯನ್ನು ಹೊಂದಿ ಬಾಳಿತು. ತೈಷಾ ಎಂದರೆ ಮಹಾದೇವಾಲಯವೆಂದರ್ಥ. ದೇವಾಲಯದ ಹೆಸರೇ ಊರಿಗೂ ಹೆಸರಾಯಿತೆಂದ ಮೇಲೆ ಅವೆರಡಕ್ಕೂ ಇದ್ದ ಸಂಬಂಧವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. 2005ನೆಯ ಇಸವಿ ಮಾರ್ಚಿ ತಿಂಗಳ 22ನೆಯ ತಾರೀಖಿನಂದು ಈ ಪಟ್ಟಣವು ನೆರೆಯ ಇಜುಮೊ ನಗರದಲ್ಲಿ ಸೇರಿಹೋಯಿತು. ಪುರಸಭೆ ಹೋಯಿತು, ದೇವಾಲಯ ಉಳಿಯಿತು. ಅಧಿಕಾರವು ಕೈಬಿಟ್ಟ ಮೇಲೆಯೂ ಉಳಿಯತಕ್ಕದ್ದು ಯಾವುದೆಂಬ ಪ್ರಶ್ನೆಗೆ ಈ ಸ್ಥಳದ ಚರಿತ್ರೆಯು ಆದಿಯಿಂದಲೂ ಒಂದು ಉತ್ತರವನ್ನು ಹೇಳುತ್ತ ಬಂದಿದೆ. ಅದನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಪಾನಿನ ಪುರಾತನ ಧರ್ಮಕ್ಕೆ ಶಿಂತೊ ಎಂದು ಹೆಸರು. ದೇವತೆಗಳ ಮಾರ್ಗವೆಂಬುದು ಇದರ ಅರ್ಥ. ಈ ಧರ್ಮದ ಪುರಾಣಕಥೆಗಳೆಲ್ಲ ಮುಖ್ಯವಾಗಿ ಎರಡು ಗ್ರಂಥಗಳಲ್ಲಿ ದೊರೆಯುವುವು. ಒಂದು, ಕ್ರಿ. ಶ. 712ರಲ್ಲಿ ಸಿದ್ಧವಾದ ಕೊಜಿಕಿ. ಮತ್ತೊಂದು, 720ರಲ್ಲಿ ಮುಗಿದ ನಿಹೊನ್ ಶೊಕಿ. ಇವೆರಡೂ ಯಮಾತೊ ಅರಸರ ಆಸ್ಥಾನದಲ್ಲಿ, ಅವರ ಅಪ್ಪಣೆಯಂತೆ ರಚಿತವಾದುವು. ಸೂರ್ಯದೇವತೆಯಾದ ಅಮತೆರಾಸುವಿನ ಸಂತತಿಯವರೆಂದು ಆ ಅರಸರು ಹೇಳಿಕೊಳ್ಳುತ್ತಿದ್ದರು. ಆದಕಾರಣ ಭೂಮಿಯ ಒಡೆತನವು ಆ ವಂಶಕ್ಕೆ ಹೇಗೆ ಬಂದಿತೆಂಬುದನ್ನು ಈ ಗ್ರಂಥಗಳು ಹೇಳಲೇಬೇಕಾಗಿದ್ದಿತು. ಅಲ್ಲಿಯೇ ಇಜುಮೊ ನಾಡಿನ ಕಥೆಯು ಬರುವುದು.

ಆ ಕಥೆಯ ಸಾರಾಂಶವಿದು. ಭೂಮಿಯನ್ನು ಹದಗೊಳಿಸಿ ನಾಡನ್ನು ಕಟ್ಟಿದವನು ಓಕುನಿನುಶಿ ಎಂಬ ದೇವನು. ಮಹಾರಾಷ್ಟ್ರಾಧಿಪತಿ, ಎಂದರೆ ದೊಡ್ಡ ನಾಡಿನ ಒಡೆಯ, ಎಂಬುದೇ ಆ ಹೆಸರಿನ ಅರ್ಥ. ಅವನು ಕಟ್ಟಿದ ನಾಡನ್ನು ತನ್ನ ಸಂತತಿಗೆ ಒಪ್ಪಿಸಬೇಕೆಂದು ಅಮತೆರಾಸು ದೇವಿಯು ಮೇಲಣ ಲೋಕದಿಂದ ದೂತರನ್ನು ಕಳುಹಿಸಿದಳು. ಮೊದಲು ಬಂದ ಅಮೆನೊಹೊಹಿ ಎಂಬುವನು ಓಕುನಿನುಶಿಯ ಪಕ್ಷವನ್ನೇ ಸೇರಿ ಮೂರು ವರ್ಷ ಸುದ್ದಿಯನ್ನೇ ಕಳುಹಿಸಲಿಲ್ಲ. ಕಡೆಗೆ ತಕೆಮಿಕಜುಚಿ ಎಂಬ ವೀರದೇವನು ಇನಾಸ ಎಂಬ ಕಡಲ ತೀರದಲ್ಲಿಳಿದು, ಕತ್ತಿಯನ್ನು ಮೊನೆ ಮೇಲಾಗಿ ನಿಲ್ಲಿಸಿ, ಆ ಮೊನೆಯ ಮೇಲೆ ಕುಳಿತು, ನಾಡನ್ನು ಬಿಟ್ಟುಕೊಡುವೆಯೋ ಇಲ್ಲವೋ ಎಂದು ಕೇಳಿದನು. ಓಕುನಿನುಶಿಯ ಮಕ್ಕಳಲ್ಲಿ ಒಬ್ಬನು ಒಪ್ಪಿದನು. ಇನ್ನೊಬ್ಬನು ಮಲ್ಲಯುದ್ಧಕ್ಕೆ ನಿಂತು ಸೋತು ಓಡಿದನು. ಆಗ ತಂದೆಯು ನಾಡನ್ನು ಒಪ್ಪಿಸಿ ಒಂದೇ ಒಂದು ವರವನ್ನು ಬೇಡಿದನು. ತಳದ ಬಂಡೆಯವರೆಗೆ ಕಂಬಗಳನ್ನು ನೆಟ್ಟು, ಮಾಡಿನ ಕೊಂಬುಗಳು ಆಕಾಶವನ್ನು ಮುಟ್ಟುವಂತೆ, ಅರಸನ ಅರಮನೆಗೆ ಸಮನಾದ ನಿವಾಸವನ್ನು ತನಗೆ ಕಟ್ಟಿಸಿಕೊಟ್ಟರೆ, ತಾನು ಕಣ್ಮರೆಯಾಗಿ ಅಲ್ಲಿ ವಾಸಿಸುವೆನೆಂದನು. ಅದಕ್ಕೆ ಒಪ್ಪಿಗೆ ದೊರೆಯಿತು.

ನಿಹೊನ್ ಶೊಕಿಯಲ್ಲಿ ಕಾಣುವ ಒಂದು ಪಾಠಾಂತರದಲ್ಲಿ ಈ ಒಪ್ಪಂದವು ಇನ್ನೂ ಸ್ಪಷ್ಟವಾಗಿದೆ. ಕಣ್ಣಿಗೆ ಕಾಣುವ ರಾಜ್ಯಭಾರವು ಅರಸನದು; ಕಾಣದ ಲೋಕದ ಆಡಳಿತವು ಓಕುನಿನುಶಿಯದು. ನಮ್ಮ ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ, ಪ್ರತ್ಯಕ್ಷವು ಒಬ್ಬನಿಗೆ, ಪರೋಕ್ಷವು ಮತ್ತೊಬ್ಬನಿಗೆ. ಅವನ ಪೂಜೆಗೆ ನೇಮಕವಾದವನು ಮೊದಲು ದೂತನಾಗಿ ಬಂದ ಅಮೆನೊಹೊಹಿಯೇ. ಇಜುಮೊ ದೇವಾಲಯದ ಅರ್ಚಕ ಮನೆತನದವರು ಇಂದಿಗೂ ತಮ್ಮನ್ನು ಅವನ ವಂಶಸ್ಥರೆಂದು ಹೇಳಿಕೊಳ್ಳುವರು. ಈ ಮನೆತನವು ಹದಿನಾಲ್ಕನೆಯ ಶತಮಾನದಲ್ಲಿ ಸೆಂಗೆ, ಕಿತಾಜಿಮ ಎಂಬ ಎರಡು ಕವಲುಗಳಾಯಿತು.

ಗೆದ್ದವರ ಗ್ರಂಥದಲ್ಲಿ ಸೋತವರ ಮಾತು ಹೀಗೆ ದಾಖಲಾಗಿದೆ. ಸೋತವರು ತಾವೇ ಬರೆದುದೇನಾದರೂ ಉಳಿದಿದೆಯೇ ಎಂದರೆ, ಅದೃಷ್ಟವಶಾತ್ ಉಳಿದಿದೆ. ಪ್ರತಿಯೊಂದು ಸೀಮೆಯ ಸ್ಥಳನಾಮ, ಬೆಳೆ, ಐತಿಹ್ಯ ಮೊದಲಾದುವನ್ನು ಬರೆದು ಕಳುಹಿಸಬೇಕೆಂದು ಎಂಟನೆಯ ಶತಮಾನದ ಆದಿಯಲ್ಲಿ ಆಸ್ಥಾನವು ಅಪ್ಪಣೆ ಮಾಡಿತ್ತು. ಹಾಗೆ ಬರೆದ ವರದಿಗಳಿಗೆ ಫುದೊಕಿ ಎಂದು ಹೆಸರು. ಬಹುಪಾಲು ಫುದೊಕಿಗಳು ನಷ್ಟವಾಗಿವೆ. ಹೆಚ್ಚುಕಡಮೆ ಪೂರ್ಣವಾಗಿ ಉಳಿದಿರುವುದು 733ನೆಯ ಇಸವಿಯ ಇಜುಮೊ ಫುದೊಕಿಯೊಂದೇ. ಇದನ್ನು ಸಿದ್ಧಪಡಿಸಿದವನು ಇಜುಮೊ ನಾಡಿನ ನಾಯಕನೂ ಮುಖ್ಯ ಅರ್ಚಕನೂ ಆಗಿದ್ದ ಹಿರೊಶಿಮ ಎಂಬುವನು. ಇದರಲ್ಲಿ ಕತ್ತಿಯ ಮೊನೆಯ ಮಾತಿಲ್ಲ. ಮಲ್ಲಯುದ್ಧದ ಮಾತೂ ಇಲ್ಲ. ತಾನು ಕಟ್ಟಿದ ನಾಡನ್ನು ಕೊಟ್ಟುಬಿಡುವೆನೆಂದು ದೇವನು ಹೇಳುವನು. ಆದರೆ ಇಜುಮೊ ಮಾತ್ರ ತನ್ನದೆಂದೂ, ಹಸಿರು ಬೆಟ್ಟಗಳನ್ನು ಬೇಲಿಯಾಗಿ ಕಟ್ಟಿಕೊಂಡು ಅದನ್ನು ತಾನೇ ಕಾಯುವೆನೆಂದೂ ಹೇಳುವನು. ಎರಡು ಗ್ರಂಥಗಳಿಗೂ ನಡುವೆ ಇಪ್ಪತ್ತೊಂದೇ ವರ್ಷಗಳ ಅಂತರ. ಒಂದೇ ಘಟನೆಯನ್ನು ರಾಜಧಾನಿಯವರು ಒಂದು ಬಗೆಯಾಗಿಯೂ ಊರಿನವರು ಇನ್ನೊಂದು ಬಗೆಯಾಗಿಯೂ ಹೇಳುತ್ತಿದ್ದರೆಂಬುದು ಇದರಿಂದ ವ್ಯಕ್ತವಾಗುವುದು. ಸೀಮೆಯ ಚರಿತ್ರೆಯನ್ನು ಸೀಮೆಯವರೇ ಬರೆದಿಡುವುದರಿಂದ ಆಗುವ ಪ್ರಯೋಜನಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಾಗಲಾರದು.

ಇಜುಮೊ ಎಂಬುದು ಅಂತಹ ಬಲಿಷ್ಠವಾದ ನಾಡಾಗಿದ್ದಿತೇ ಎಂದು ಬಹುಕಾಲ ವಿದ್ವಾಂಸರು ಸಂಶಯಪಡುತ್ತಿದ್ದರು. 1984ರಲ್ಲಿ ದೇವಾಲಯಕ್ಕೆ ಆಗ್ನೇಯದಲ್ಲಿರುವ ಕೊಜಿಂದಾನಿ ಎಂಬ ಕಣಿವೆಯಲ್ಲಿ ಒಂದೇ ಕಡೆ 358 ಕಂಚಿನ ಕತ್ತಿಗಳು ದೊರೆತುವು. ಅಲ್ಲಿಯವರೆಗೆ ಇಡೀ ಜಪಾನಿನಲ್ಲಿ ದೊರೆತಿದ್ದ ಅಂತಹ ಕತ್ತಿಗಳ ಒಟ್ಟು ಸಂಖ್ಯೆಗಿಂತಲೂ ಇದು ಹೆಚ್ಚು. 1996ರಲ್ಲಿ ಕಮೊ ಇವಾಕುರ ಎಂಬಲ್ಲಿ 39 ಕಂಚಿನ ಗಂಟೆಗಳು ಸಿಕ್ಕಿದುವು. ಪುರಾಣದ ಕಥೆಯು ನಿಜವೆಂಬುದಕ್ಕೆ ಇದು ಸಾಕ್ಷಿಯಾಗಲಾರದು. ಆದರೆ ಕಥೆಯು ಹುಟ್ಟಿದ ನಾಡು ಬರಿಯ ಕಲ್ಪನೆಯದಲ್ಲವೆಂಬುದಕ್ಕೆ ಸಾಕ್ಷಿಯಾಯಿತು.

ಇನ್ನು ಆ ದೇವನಿಗೆ ಕೊಟ್ಟ ಮಾತಿನ ವಿಚಾರ. ಆಕಾಶವನ್ನು ಮುಟ್ಟುವ ಗುಡಿಯನ್ನು ಕಟ್ಟಿಸಿಕೊಡುವೆವೆಂಬ ಮಾತನ್ನು ಗೆದ್ದವರು ನಡೆಸಿದರೇ? ಈ ದೇವಾಲಯಕ್ಕೆ ಹಿಂದಿನ ಹೆಸರು ಕಿಜುಕಿ. ದೇವತೆಗಳೆಲ್ಲರೂ ಕೂಡಿ ಗುಡಿಗಾಗಿ ನೆಲವನ್ನು ಕುಟ್ಟಿ ಗಟ್ಟಿಮಾಡಿದರೆಂದೂ, ಆದುದರಿಂದ ಈ ಹೆಸರು ಬಂದಿತೆಂದೂ ಫುದೊಕಿಯು ಹೇಳುವುದು. ಜಪಾನಿನ ದೇವಾಲಯಗಳು ನಮ್ಮ ದೇವಾಲಯಗಳಂತೆ ಕಲ್ಲಿನವಲ್ಲ, ಮರದವು. ಮರವು ಕೊಳೆಯುವುದು, ಬೀಳುವುದು, ಬೆಂಕಿಗೆ ಆಹುತಿಯಾಗುವುದು. ಆದಕಾರಣ ಅಲ್ಲಿ ಕೊಟ್ಟ ಮಾತನ್ನು ಒಮ್ಮೆ ನಡೆಸಿದರೆ ಸಾಲದು. ತಲೆಮಾರು ತಲೆಮಾರಿಗೂ ಮತ್ತೆ ಮತ್ತೆ ನಡೆಸಬೇಕಾಗುವುದು.

ಗುಡಿಯ ಎತ್ತರಕ್ಕೆ ದೊರೆಯುವ ಹಳೆಯ ಸಾಕ್ಷಿಗಳಲ್ಲೊಂದು ಮಕ್ಕಳ ಪಠ್ಯಪುಸ್ತಕವೆಂಬುದು ಉಪಾಧ್ಯಾಯವೃತ್ತಿಯವರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. 970ರಲ್ಲಿ ಮಿನಮೊತೊ ನೊ ತಮೆನೊರಿ ಎಂಬ ವಿದ್ವಾಂಸನು ಕುಲೀನರ ಮನೆಯ ಬಾಲಕನೊಬ್ಬನಿಗಾಗಿ, ಬಾಯಿಪಾಠ ಮಾಡಲು ಅನುಕೂಲವಾಗುವಂತೆ, ಕುಚಿಜುಸಾಮಿ ಎಂಬ ಪುಸ್ತಕವನ್ನು ಬರೆದನು. ದೇಶದ ದೊಡ್ಡ ಕಟ್ಟಡಗಳನ್ನು ಅದರಲ್ಲಿ ಮೂವರು ಅಣ್ಣತಮ್ಮಂದಿರಂತೆ ಹೆಸರಿಸಿದೆ. ಹಿರಿಯನು ಇಜುಮೊ ದೇವಾಲಯ. ಎರಡನೆಯವನು ನಾರಾ ನಗರದ ಮಹಾಬುದ್ಧನ ಮಂದಿರ. ಮೂರನೆಯವನು ಕ್ಯೋತೊ ಅರಮನೆಯ ಮಹಾಸಭಾಮಂಟಪ. ಬುದ್ಧಮಂದಿರದ ಎತ್ತರವು ಆಗ ಸುಮಾರು 45 ಮೀಟರು ಇದ್ದಿತೆಂದು ಎಣಿಕೆ. ಅದಕ್ಕಿಂತ ಹಿರಿದೆಂದ ಮೇಲೆ ಇಜುಮೊ ಗುಡಿಯು ಇನ್ನೆಷ್ಟು ಎತ್ತರವಾಗಿದ್ದಿತು? ದೇವಾಲಯದ ಪರಂಪರೆಯಂತೆ ಆದಿಯಲ್ಲಿ 96 ಮೀಟರು, ಮಧ್ಯಕಾಲದಲ್ಲಿ 48 ಮೀಟರು, ತರುವಾಯ ಈಗಿನಂತೆ 24 ಮೀಟರು. ಹನ್ನೊಂದನೆಯ ಶತಮಾನದಿಂದ ಹದಿಮೂರನೆಯ ಶತಮಾನದ ವರೆಗೆ ಈ ಗುಡಿಯು ಹಲವು ಸಲ ಉರುಳಿಬಿದ್ದುದನ್ನು ದಾಖಲೆಗಳು ಹೇಳುತ್ತವೆ. ಮಿತಿಮೀರಿದ ಎತ್ತರವೇ ಅದಕ್ಕೆ ಕಾರಣವಾಗಿದ್ದಿರಬಹುದೆಂದು ಹಲವರ ಊಹೆ.

ಸೆಂಗೆ ಮನೆತನದವರಲ್ಲಿ ಈ ಗುಡಿಯ ಹಳೆಯ ನಕ್ಷೆಯೊಂದಿದೆ. ಅದರಲ್ಲಿ ಒಂಬತ್ತು ಕಂಬಗಳು. ಪ್ರತಿಯೊಂದು ಕಂಬದ ವೃತ್ತದೊಳಗೂ ಮೂರು ಮೂರು ಸಣ್ಣ ವೃತ್ತಗಳು. ಎಂದರೆ ಮೂರು ಮರಗಳನ್ನು ಕಬ್ಬಿಣದ ಬಳೆಯಿಂದ ಬಿಗಿದು ಒಂದು ಕಂಬವನ್ನಾಗಿ ಮಾಡಿದ್ದರೆಂದರ್ಥ. ಗುಡಿಯ ಮುಂದಣ ಮೆಟ್ಟಿಲುಸಾಲಿನ ಉದ್ದವು ಸುಮಾರು 109 ಮೀಟರು ಎಂದು ಅದರಲ್ಲಿ ಬರೆದಿದೆ. ಹದಿನೆಂಟನೆಯ ಶತಮಾನದ ಮಹಾವಿದ್ವಾಂಸನಾದ ಮೊತೊಓರಿ ನೊರಿನಾಗನು ಈ ನಕ್ಷೆಯನ್ನು ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಆದರೆ ಇದರಲ್ಲಿ ತಿಳಿಯದ ಅಂಶಗಳು ಬಹಳವಿವೆಯೆಂದೂ ಹೇಳಿದನು. ಇಪ್ಪತ್ತನೆಯ ಶತಮಾನದಲ್ಲಿ ಫುಕುಯಾಮ ತೊಶಿಒ ಎಂಬ ವಾಸ್ತುಶಿಲ್ಪದ ಇತಿಹಾಸಕಾರರು ನಕ್ಷೆಯನ್ನನುಸರಿಸಿ 48 ಮೀಟರು ಎತ್ತರದ ಗುಡಿಯ ಚಿತ್ರವನ್ನು ಬರೆದರು. ಕೆಲವರು ಒಪ್ಪಿದರು, ಮತ್ತೆ ಕೆಲವರು ಭಕ್ತರ ಅತಿಶಯೋಕ್ತಿಯೆಂದು ಬದಿಗಿಟ್ಟರು. ಮರದ ಕಂಬಗಳ ಮೇಲೆ ಅಷ್ಟೆತ್ತರದ ಗುಡಿಯು ನಿಲ್ಲುವುದೆಂತು ಎಂಬುದು ಇವರ ಆಕ್ಷೇಪಣೆ.

2000ನೆಯ ಇಸವಿಯಲ್ಲಿ ದೇವಾಲಯದ ಪ್ರಾಕಾರದೊಳಗೆ ನೆಲದಡಿಯ ಕಟ್ಟಡವೊಂದಕ್ಕಾಗಿ ಅಗೆಯುತ್ತಿರುವಾಗ, ಈಗಿನ ಗುಡಿಯ ಮುಂಭಾಗದಲ್ಲಿ, ಮಣ್ಣಿನಡಿ ಭಾರಿ ಕಂಬಗಳ ಬುಡಗಳು ಕಾಣಿಸಿಕೊಂಡುವು. ಸುಗಿ ಎಂಬ ಜಪಾನೀ ದೇವದಾರುವಿನ ಮೂರು ದಿಮ್ಮಿಗಳು ಒತ್ತೊತ್ತಾಗಿ ನಿಂತಿದ್ದುವು. ಒಂದೊಂದು ದಿಮ್ಮಿಯ ಅಡ್ಡಳತೆಯು ಒಂದು ಮೀಟರಿಗಿಂತ ಹೆಚ್ಚು. ಮೂರೂ ಸೇರಿ ಸುಮಾರು 3 ಮೀಟರು. ಇಂತಹ ಕಂಬಗಳು ಮೂರು ಸ್ಥಳಗಳಲ್ಲಿ ದೊರೆತುವು. ಪರೀಕ್ಷೆ ಮಾಡಿ ನೋಡಲಾಗಿ ಇವು 1248ರಲ್ಲಿ ಮುಗಿದ ಗುಡಿಯ ಕಂಬಗಳೆಂದು ನಿರ್ಣಯವಾಯಿತು. ಅರ್ಚಕರ ಮನೆಯ ಹಳೆಯ ಕಾಗದವು ಸುಳ್ಳು ಹೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ನೆಲದಿಂದ ಸಿಕ್ಕಿದುದು ಕಂಬಗಳ ಬುಡವೇ ಹೊರತು ತುದಿಯಲ್ಲ. ಮೂರು ಮರಗಳನ್ನು ಕೂಡಿಸಿ ಕಂಬ ಮಾಡುತ್ತಿದ್ದರೆಂಬುದು ಸಿದ್ಧವಾಯಿತು; ಕಂಬಗಳ ದಪ್ಪವೂ ಸಿದ್ಧವಾಯಿತು. ಎತ್ತರವು 48 ಮೀಟರೇ ಎಂಬುದು ಇದರಿಂದ ಸಿದ್ಧವಾಗಲಿಲ್ಲ. ಅದಕ್ಕಿಂತ ತಗ್ಗಾದ ಗುಡಿಯನ್ನು ಊಹಿಸುವ ವಿದ್ವಾಂಸರು ಇಂದಿಗೂ ಇದ್ದಾರೆ. 96 ಮೀಟರಿನ ಮಾತಂತೂ ಐತಿಹ್ಯವಾಗಿಯೇ ಉಳಿಯಿತು. ಐತಿಹ್ಯವನ್ನು ಕೇಳಿದೊಡನೆ ನಗುವುದೂ ಅವಿವೇಕ; ಅದರ ಒಂದಂಶವು ನಿಜವಾಯಿತೆಂದು ಎಲ್ಲವನ್ನೂ ನಂಬಿಬಿಡುವುದೂ ಅವಿವೇಕ. ಹಳೆಯ ಕಾಗದವನ್ನು ಜೋಪಾನವಾಗಿಡುವುದು, ಅದು ಹೇಳುವುದನ್ನು ನೆಲದೊಡನೆ ಒರೆಗೆ ಹಚ್ಚಿ ನೋಡುವುದು, ಒರೆಗೆ ನಿಂತಷ್ಟನ್ನು ಮಾತ್ರ ಒಪ್ಪುವುದು, ಇದೇ ಇತಿಹಾಸಮಾರ್ಗ.

ಆ ಮಹಾಗುಡಿಯು ಹದಿಮೂರನೆಯ ಶತಮಾನದಲ್ಲಿಯೇ ಬೆಂಕಿಗೆ ತುತ್ತಾಯಿತು. ತರುವಾಯ ಯುದ್ಧಗಳ ಕಾಲದಲ್ಲಿ ಚಿಕ್ಕ ಗುಡಿಗಳೇ ಕಟ್ಟಲ್ಪಟ್ಟುವು. ಆದರೂ ಗುಡಿಯನ್ನು ಕಟ್ಟುವುದು ಮಾತ್ರ ನಿಲ್ಲಲಿಲ್ಲ. ಕಬುಕಿ ಎಂಬ ಜಪಾನೀ ನಾಟಕಕಲೆಗೆ ಮೂಲಳೆನಿಸಿದ ಒಕುನಿ ಎಂಬಾಕೆಯು ಈ ದೇವಾಲಯದ ಸೇವಕಿಯಾಗಿದ್ದಳೆಂದೂ, ಇದರ ಜೀರ್ಣೋದ್ಧಾರಕ್ಕೆ ಹಣ ಕೂಡಿಸುವುದಕ್ಕಾಗಿ ಊರೂರು ತಿರುಗಿ ಕುಣಿದಳೆಂದೂ ಪ್ರತೀತಿಯಿದೆ. 1603ರಲ್ಲಿ ಕ್ಯೋತೊ ನಗರದಲ್ಲಿ ಅವಳ ನೃತ್ಯವು ಪ್ರಸಿದ್ಧವಾಯಿತು. 1667ರಲ್ಲಿ ಗುಡಿಯನ್ನು ಮತ್ತೆ 24 ಮೀಟರಿಗೆ ಎತ್ತರಿಸಿ ಕಟ್ಟಿದರು. ಈಗ ನಿಂತಿರುವ ಗುಡಿಯು 1744ರದು. 1809, 1881, 1953 ಮತ್ತು 2013ರಲ್ಲಿ ಇದರ ಜೀರ್ಣೋದ್ಧಾರಗಳು ನಡೆದಿವೆ. ಆ ಕಾಲದಲ್ಲಿ ದೇವರನ್ನು ತಾತ್ಕಾಲಿಕ ಮಂದಿರಕ್ಕೆ ಬಿಜಮಾಡಿಸಿ, ಮಾಡಿಗೆ ಹೊದಿಸಿದ ಮರದ ತೊಗಟೆಯನ್ನು ತೆಗೆದು ಹೊಸದಾಗಿ ಹೊದಿಸುವರು. ಗುಡಿಯು ದಕ್ಷಿಣಾಭಿಮುಖವಾಗಿದ್ದರೂ ಒಳಗಿನ ದೇವಪೀಠವು ಪಶ್ಚಿಮಾಭಿಮುಖ. ನಾಡನ್ನು ಒಪ್ಪಿಸಿದ ಇನಾಸ ತೀರವಿರುವುದೂ ಆ ದಿಕ್ಕಿನಲ್ಲಿಯೇ.

ಈ ಚರಿತ್ರೆಯಲ್ಲಿ ನಮ್ಮ ದೇಶದ ಸಂಬಂಧವೂ ಒಂದು ಎಳೆಯಾಗಿ ಸೇರಿದೆ. ಬೌದ್ಧಧರ್ಮದೊಡನೆ ಚೀನಾದ ಮಾರ್ಗವಾಗಿ ಮಹಾಕಾಲನು ಜಪಾನಿಗೆ ಹೋದನು. ಮಹಾಕಾಲನೆಂಬ ಸಂಸ್ಕೃತ ಶಬ್ದವನ್ನು ಚೀನೀಯರು 'ಮಹಾಕೃಷ್ಣವರ್ಣನು' ಎಂಬರ್ಥ ಬರುವಂತೆ ಅನುವಾದಿಸಿದರು. ಜಪಾನೀಯರು ಅದನ್ನು ದೈಕೊಕು ಎಂದು ಓದಿದರು. ಓಕುನಿನುಶಿಯ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಮತ್ತೊಂದು ರೀತಿಯಲ್ಲಿ ದೈಕೊಕು ಎಂದೇ ಓದಬಹುದು. ಉಚ್ಚಾರಣೆಯೊಂದಾದುದರಿಂದ ದೇವರೂ ಒಂದಾದರು. ಸ್ಮಶಾನವಾಸಿಯಾದ ಉಗ್ರಮೂರ್ತಿಯು ಅಲ್ಲಿ ಅಕ್ಕಿಮೂಟೆಗಳ ಮೇಲೆ ನಿಂತು ನಗುತ್ತಿರುವ ಸೌಭಾಗ್ಯದೇವತೆಯಾದನು. ಹದಿನಾರನೆಯ ಶತಮಾನದಲ್ಲಿ ಅಮಾಗೊ ಎಂಬ ಪಾಳೆಯಗಾರರು ದೇವಾಲಯದ ಆವರಣದಲ್ಲಿಯೇ ಮೂರು ಅಂತಸ್ತಿನ ಬೌದ್ಧಗೋಪುರವನ್ನು ಕಟ್ಟಿಸಿದ್ದರು. 1660ರ ದಶಕದ ಜೀರ್ಣೋದ್ಧಾರದಲ್ಲಿ ಬೌದ್ಧಸಂಬಂಧವಾದುದನ್ನೆಲ್ಲ ಹೊರಗೆ ಸಾಗಿಸಿದರು. ಆಗ ಈ ಗೋಪುರವನ್ನು ಕೆಡವಿ ಹಾಳುಮಾಡಲಿಲ್ಲ. ಹೊಸ ಗುಡಿಗೆ ಮರವನ್ನು ಕೊಟ್ಟ ತಾಜಿಮ ಸೀಮೆಯ ಮ್ಯೋಕೆನ್ ಬೆಟ್ಟದವರಿಗೆ ಅದನ್ನು ಪ್ರತಿಯಾಗಿ ಕೊಟ್ಟರು. ಅದು ಇಂದಿಗೂ ಅಲ್ಲಿ ನಿಂತಿದೆ.

ಚಾಂದ್ರಮಾನದ ಹತ್ತನೆಯ ತಿಂಗಳಿಗೆ ಜಪಾನಿನಲ್ಲಿ 'ದೇವರಿಲ್ಲದ ತಿಂಗಳು' ಎಂದು ಹೆಸರು. ಇಜುಮೊದಲ್ಲಿ ಮಾತ್ರ ಅದು 'ದೇವರಿರುವ ತಿಂಗಳು'. ದೇಶದ ದೇವತೆಗಳೆಲ್ಲ ಆಗ ಓಕುನಿನುಶಿಯ ಸಭೆಗೆ ಬಂದು, ಯಾರಿಗೆ ಯಾರೊಡನೆ ವಿವಾಹಾದಿ ಸಂಬಂಧವೊದಗಬೇಕೆಂಬುದನ್ನು ನಿಶ್ಚಯಿಸುವರೆಂದು ನಂಬಿಕೆ. ರಾತ್ರಿ ಇನಾಸ ತೀರದಲ್ಲಿ ಬೆಂಕಿಯುರಿಸಿ ಅರ್ಚಕರು ಅವರನ್ನು ಎದುರುಗೊಳ್ಳುವರು. ಆ ತಿಂಗಳ ಹೆಸರಿನ ಮೂಲಾರ್ಥವು 'ದೇವರ ತಿಂಗಳು' ಎಂದೇ ಇದ್ದಿರಬೇಕೆಂದು ಶಬ್ದಶಾಸ್ತ್ರಜ್ಞರು ಹೇಳುವರು. ಅದು ಹೇಗಾದರೂ ಇರಲಿ, ರಾಜ್ಯವನ್ನು ಬಿಟ್ಟುಕೊಟ್ಟವನ ಬಾಗಿಲಿಗೆ ಎಲ್ಲ ದೇವತೆಗಳೂ ವರ್ಷಕ್ಕೊಮ್ಮೆ ಬರುವರೆಂಬ ಭಾವನೆಯು ಹಳೆಯ ಒಪ್ಪಂದಕ್ಕೆ ಜನರು ಮಾಡಿಕೊಂಡ ಭಾಷ್ಯವೇ ಸರಿ.

ಮೇಜಿ ಸರಕಾರದ ಕಾಲದಲ್ಲಿ ಈ ಒಪ್ಪಂದದ ವಿಚಾರವು ಮತ್ತೊಮ್ಮೆ ವ್ಯಾಜ್ಯಕ್ಕೆ ಬಂದಿತು. 1871ರಲ್ಲಿ ಸರಕಾರವು ದೇವಾಲಯಗಳ ಭೂಮಿಯನ್ನು ವಶಪಡಿಸಿಕೊಂಡಿತು. ಅದೇ ವರ್ಷ ಕಿಜುಕಿ ದೇವಾಲಯಕ್ಕೆ ಇಜುಮೊ ತೈಷಾ ಎಂಬ ಹೆಸರಾಯಿತು. ಟೋಕಿಯೋ ನಗರದಲ್ಲಿ ಶಿಂತೊ ಧರ್ಮದ ಕೇಂದ್ರಮಂದಿರವನ್ನು ಸ್ಥಾಪಿಸಿದಾಗ, ಕಾಣದ ಲೋಕದ ಒಡೆಯನಾದ ಓಕುನಿನುಶಿಗೂ ಅಲ್ಲಿ ಪೀಠವಿರಬೇಕೆಂದು ಮುಖ್ಯ ಅರ್ಚಕರಾದ ಸೆಂಗೆ ತಕತೊಮಿಯವರು ವಾದಿಸಿದರು. ಅಮತೆರಾಸು ದೇವಿಯ ಇಸೆ ದೇವಾಲಯದವರು ವಿರೋಧಿಸಿದರು. 1881ರಲ್ಲಿ ಚಕ್ರವರ್ತಿಯ ನಿರ್ಣಯವು ಇಜುಮೊದವರಿಗೆ ಪ್ರತಿಕೂಲವಾಯಿತು. ತಕತೊಮಿಯವರು ಅರ್ಚಕಪದವಿಯನ್ನು ಬಿಟ್ಟು, 1882ರಲ್ಲಿ ಭಕ್ತರ ಸ್ವತಂತ್ರಸಂಸ್ಥೆಯೊಂದನ್ನು ಕಟ್ಟಿದರು. ಮುಂದೆ ಟೋಕಿಯೋ ಪ್ರಾಂತದ ಅಧಿಪತಿಗಳಾಗಿ, 1908ರಲ್ಲಿ ನ್ಯಾಯಮಂತ್ರಿಗಳೂ ಆದರು. ಕಾಣದ ಲೋಕದ ಪರವಾಗಿ ವಾದಿಸಿ ಸೋತವರನ್ನು ಕಾಣುವ ರಾಜ್ಯವು ತನ್ನ ಕೆಲಸಕ್ಕೆ ಕರೆಯಿತು. ಈ ನಡುವೆ 1890ರಲ್ಲಿ ಲಫ್ಕಾಡಿಯೊ ಹರ್ನ್ ಎಂಬ ಸಾಹಿತಿಯು ಇಲ್ಲಿಗೆ ಬಂದು, ಗುಡಿಯೊಳಗೆ ಪ್ರವೇಶ ಪಡೆದ ಮೊದಲನೆಯ ಪಾಶ್ಚಾತ್ಯನೆನಿಸಿ, ತನ್ನ ಗ್ರಂಥದಿಂದ ಈ ಊರನ್ನು ಲೋಕಕ್ಕೆ ಪರಿಚಯಮಾಡಿಕೊಟ್ಟನು.

ಪಟ್ಟಣವು ಬೆಳೆದುದು ಯಾತ್ರಿಕರಿಂದ. ಇಲ್ಲಿಯ ದೇವಸೇವಕರು ದೂರದ ಸೀಮೆಗಳಲ್ಲಿ ಸಂಚರಿಸಿ, ದೇವರ ಮಹಿಮೆಯನ್ನು ಹೇಳಿ, ಯಾತ್ರೆಗೆ ಬಂದವರಿಗೆ ತಮ್ಮ ಮನೆಗಳಲ್ಲಿಯೇ ವಸತಿಯನ್ನು ಒದಗಿಸುತ್ತಿದ್ದರು. 1912ರಲ್ಲಿ ರೈಲು ಬಂದಿತು. ಒಸಾಕಾ ಮೊದಲಾದ ದೊಡ್ಡ ನಗರಗಳಿಂದ ನೇರವಾಗಿ ಗಾಡಿಗಳು ಓಡಾಡಿದುವು. 1915ರಲ್ಲಿ ಭಕ್ತರೊಬ್ಬರ ಕಾಣಿಕೆಯಿಂದ ಊರಬಾಗಿಲಿನಲ್ಲಿ 23 ಮೀಟರು ಎತ್ತರದ ತೋರಣದ್ವಾರವೆದ್ದಿತು. ಗುಡಿಗಿಂತ ಅದು ಒಂದು ಮೀಟರು ತಗ್ಗು. 1924ರಲ್ಲಿ ದೇವಾಲಯವನ್ನೇ ಹೋಲುವ ಮಾಡುಗಳುಳ್ಳ ಹೊಸ ರೈಲುನಿಲ್ದಾಣವನ್ನು ಕಟ್ಟಿದರು. ಕಾಲಕ್ರಮದಲ್ಲಿ ಜನರು ಮೋಟಾರುಗಳಲ್ಲಿ ಬರತೊಡಗಿದರು. 7.5 ಕಿಲೋಮೀಟರಿನ ಆ ರೈಲುದಾರಿಯನ್ನು 1990ರಲ್ಲಿ ಮುಚ್ಚಿಬಿಟ್ಟರು. ಗಾಡಿಯಿಲ್ಲದ ನಿಲ್ದಾಣವನ್ನು ಮಾತ್ರ ಕೆಡವದೆ ಉಳಿಸಿಕೊಂಡರು. 2004ರಲ್ಲಿ ಅದು ರಾಷ್ಟ್ರದ ರಕ್ಷಿತ ಕಟ್ಟಡಗಳಲ್ಲೊಂದಾಯಿತು.

ಆ ಕಾಲದಲ್ಲಿಯೇ ಜಪಾನು ಸರಕಾರವು ಸಣ್ಣ ಊರುಗಳ ಪುರಸಭೆಗಳನ್ನು ಒಂದುಗೂಡಿಸುತ್ತಿತ್ತು. ಹಳ್ಳಿಗಳಲ್ಲಿ ಮುದುಕರು ಹೆಚ್ಚಾಗಿ ಮಕ್ಕಳು ಕಡಮೆಯಾದುದೂ, ಪುರಸಭೆಗಳ ಬೊಕ್ಕಸವು ಬರಿದಾದುದೂ ಇದಕ್ಕೆ ಕಾರಣ. 1999ರಲ್ಲಿ 3,232 ಇದ್ದ ಸ್ಥಳೀಯ ಸಂಸ್ಥೆಗಳು 2010ರ ವೇಳೆಗೆ 1,727ಕ್ಕಿಳಿದುವು. ಸುಮಾರು ಹದಿನಾರು ಸಾವಿರ ಜನರಿದ್ದ ತೈಷಾ ಪಟ್ಟಣವೂ ಹೀಗೆ ತನ್ನ ಆಡಳಿತವನ್ನು ಒಪ್ಪಿಸಿತು. 2007ರಲ್ಲಿ ದೇವಾಲಯದ ಪಕ್ಕದಲ್ಲಿಯೇ ಪ್ರಾಚೀನ ಇಜುಮೊ ವಸ್ತುಸಂಗ್ರಹಾಲಯವು ತೆರೆಯಿತು. ಮಣ್ಣಿನಿಂದ ತೆಗೆದ ಕಂಬದ ಬುಡವನ್ನೂ ಕೊಜಿಂದಾನಿಯ ಕತ್ತಿಗಳನ್ನೂ ಅಲ್ಲಿ ಇರಿಸಿದ್ದಾರೆ.

ಆದರೂ ಈ ದೇವಾಲಯಕ್ಕೆ ಕಾಗದ ಬರೆಯುವವರು ಇಂದಿಗೂ ವಿಳಾಸದಲ್ಲಿ ಶಿಮಾನೆ ಪ್ರಾಂತ, ಇಜುಮೊ ನಗರ, ತೈಷಾ, ಪೂರ್ವ ಕಿಜುಕಿ ಎಂದೇ ಬರೆಯಬೇಕು. ಪುರಸಭೆಯು ಹೋದರೂ ತೈಷಾ ಎಂಬ ಹೆಸರು ಹೋಗಲಿಲ್ಲ. ತೈಷಾ ಎಂಬ ಹೆಸರು ಬಂದು ಶತಮಾನವಾದರೂ, ದೇವತೆಗಳು ನೆಲ ಕುಟ್ಟಿದರೆಂದು ಫುದೊಕಿಯು ಹೇಳುವ ಕಿಜುಕಿ ಎಂಬ ಹೆಸರೂ ಹೋಗಲಿಲ್ಲ. ನಾಡು ಬಿಡುವಾಗ ಆ ದೇವನು ಸೈನ್ಯವನ್ನು ಕೇಳಲಿಲ್ಲ, ಕಪ್ಪವನ್ನೂ ಕೇಳಲಿಲ್ಲ. ತನಗೊಂದು ಗುಡಿಯಿರಲೆಂದಷ್ಟೇ ಕೇಳಿದನು. ಅವನಿಂದ ನಾಡನ್ನು ಪಡೆದವರ ಕೈಯಿಂದ ಅಧಿಕಾರವು ಸೇನಾಪತಿಗಳಿಗೂ, ಅವರಿಂದ ಮಂತ್ರಿಮಂಡಲಗಳಿಗೂ ಹೋಯಿತು. ಯಾರ ಆಳಿಕೆಯಾದರೂ ಗುಡಿಯ ಮಾಡಿಗೆ ತೊಗಟೆಯನ್ನು ಹೊದಿಸುವ ಕೆಲಸವು ನಿಲ್ಲಲಿಲ್ಲ.